ಕಾಲೇಜ್ ದಿನಗಳಲ್ಲಿ ಕೇಳಿದ್ದ ಸಂಗೀತ ಕಚೇರಿಯ ಟೇಪು ಈಗ ಸಿಕ್ಕಿದೆ, ಕೇಳಲಾ ಬೇಡ್ವಾ?

ಹಿಂದಿನಸಾಲು:

ಎಲ್ಲರಿಗೂ ನಮಸ್ಕಾರ, ಒಂದು ವಿಚಿತ್ರ ಸಮಸ್ಯೆ ತಗೊಂಡ್ ಬಂದಿದೀನಿ, ನಗಬೇಡಿ. ಕಾಲೇಜಲ್ಲಿದ್ದಾಗ, 1980ರ ದಶಕದ ಕೊನೆ ಅಂತಿಟ್ಕೊಳಿ, ನಾನು ನನ್ನ ಗೆಳೆಯ ಇಬ್ರೂ ಎಲ್ಲಿ ಕಚೇರಿ ಅಂದ್ರೆ ಅಲ್ಲಿ ಹಾಜರು. ಅದರಲ್ಲಿ ಒಂದು ಗಾಯನ ಕಚೇರಿ ಮಾತ್ರ ನಮ್ಮಿಬ್ರ ತಲೆಯಿಂದ ಇವತ್ತಿಗೂ ಇಳಿದಿಲ್ಲ. ಹಾಡಿದವರ ಹೆಸರು ಹೇಳಲ್ಲ, ಹೇಳಿದ್ರೆ ಅವರು ದೊಡ್ಡೋರಾ ಇವರು ದೊಡ್ಡೋರಾ ಅಂತ ಶುರುವಾಗುತ್ತೆ, ಅದನ್ನ ಬೇಕಾದಷ್ಟು ನೋಡಾಗಿದೆ.

ಅವತ್ತು ಗೆಳೆಯ ಬ್ಯಾಟರಿ ಹಾಕಿದ ಒಂದು ಟೇಪ್ ರೆಕಾರ್ಡರ್ ತಂದು ತೊಡೆ ಮೇಲೆ ಇಟ್ಕೊಂಡು ರೆಕಾರ್ಡ್ ಮಾಡಿದ್ದ. ಆಮೇಲೆ ಆ ಕ್ಯಾಸೆಟ್ ಎಲ್ಲೋ ಸೇರ್ಕೊಂಡು ನಾವಿಬ್ರೂ ಮರೆತೇಬಿಟ್ವಿ. ಹೋದ ತಿಂಗಳು ಅವನು ಮನೆ ಬದಲಾಯಿಸೋವಾಗ ಹಳೇ ಪೆಟ್ಟಿಗೆ ತಳದಲ್ಲಿ ಸಿಕ್ಕಿದೆ. ನನಗೇ ಕೊಟ್ಟುಬಿಟ್ಟ, "ನೀನೇ ಕೇಳಿ ಹೇಳು, ನಂಗೆ ಧೈರ್ಯ ಇಲ್ಲ" ಅಂತ.

ಧೈರ್ಯ ಯಾಕೆ ಬೇಕು ಅಂದ್ರೆ ಎರಡು ಕಾರಣ. ಒಂದು ನಮ್ಮ ಜಗಳ. ಅವತ್ತಿನ ಮುಖ್ಯ ರಾಗ ತೋಡಿ ಅಂತ ನಾನು, ಅಲ್ಲ ಕಾಂಭೋಜಿ ಅಂತ ಅವನು, ಇದು ಅವತ್ತು ವಾಪಸ್ ಬರೋ ದಾರೀಲಿ ಶುರುವಾಗಿದ್ದು ಇವತ್ತಿನವರೆಗೂ ಮುಗಿದಿಲ್ಲ, ಅವನ ಮದುವೇಲೂ ಇದೇ ಮಾತು, ನನ್ನ ಮಗಳ ಮದುವೇಲೂ ಇದೇ ಮಾತು. ಟೇಪ್ ಹಾಕಿದ್ರೆ ತೀರ್ಮಾನ ಆಗೋಗುತ್ತೆ. ಆಮೇಲೆ ಏನ್ ಮಾತಾಡೋದು ನಾವು?

ಎರಡನೇದು ಅದಕ್ಕಿಂತ ದೊಡ್ಡದು. ಮುಖ್ಯ ರಾಗದ ಆಲಾಪನೆ, ಅಂದ್ರೆ ತಾಳ ಇಲ್ಲದೇ ರಾಗ ಬಿಡಿಸಿ ಹಾಡೋದು, ಅರ್ಧಕ್ಕೆ ಬಂದಿತ್ತು, ತಾರಸ್ಥಾಯಿ ಷಡ್ಜದ, ಅಂದ್ರೆ ಮೇಲಿನ ಸ ಸ್ವರದ, ಹತ್ರ ಹತ್ರ ಹೋಗ್ತಾ ಇದ್ರು, ಪಟ್ ಅಂತ ಕರೆಂಟು ಹೋಯ್ತು. ಕತ್ತಲು. ಮೈಕು ಸತ್ತುಹೋಯ್ತು, ಫ್ಯಾನ್ ನಿಧಾನಕ್ಕೆ ಸುತ್ತು ಕಮ್ಮಿ ಮಾಡಿ ನಿಂತ್ವು. ಅವರು ನಿಲ್ಲಿಸಲೇ ಇಲ್ಲ ರೀ. ದನಿ ಒಮ್ಮೆಗೇ ಸಣ್ಣದಾಯ್ತು, ಆದ್ರೆ ಎಷ್ಟು ಸ್ಪಷ್ಟ ಅಂದ್ರೆ ಅಷ್ಟು ಹೊತ್ತು ಕೇಳದೇ ಇದ್ದ ತಂಬೂರಿ ಆಗ ಕೇಳೋಕೆ ಶುರುವಾಯ್ತು, ಪಿಟೀಲಿನವರ ಕಮಾನು ತಂತಿ ಮೇಲೆ ಉಜ್ಜೋದು ಕೇಳ್ತಿತ್ತು, ಇಡೀ ಸಭೆ ಕುರ್ಚಿ ತುದಿಗೆ ಬಂದು ಮುಂದಕ್ಕೆ ಬಾಗಿದ್ದು ಕತ್ತಲಲ್ಲೂ ಗೊತ್ತಾಗ್ತಿತ್ತು. ಯಾರೋ ಒಬ್ರು ಟಾರ್ಚ್ ತಂದು ವೇದಿಕೆ ಮೇಲೆ ಇಟ್ರು. ಕರೆಂಟು ವಾಪಸ್ ಬಂದಾಗ ಯಾರಿಗೂ ಖುಷಿ ಆಗ್ಲಿಲ್ಲ.

ಈಗ ಭಯ ಏನಂದ್ರೆ, ಟೇಪಲ್ಲಿ ಆ ಜಾಗದಲ್ಲಿ ಬರೀ ಕೆಮ್ಮು, ಕುರ್ಚಿ ಕಿರುಗುಟ್ಟೋದು ಅಷ್ಟೇ ಇದ್ರೆ? ನೀವಾಗಿದ್ರೆ ಏನ್ ಮಾಡ್ತಿದ್ರಿ? ಹಾಗೇ ನಿಮ್ಮ ವಯಸ್ಸಿನ ಕಾಲದ ಕಚೇರಿ, ಕಾನ್ಸರ್ಟು, ಏನೇ ಆಗಲಿ, ನೆನಪಿದ್ರೆ ಬರೀರಿ. ಹೇಗೂ ಭಾನುವಾರ.

ಭೈರವಿಬೆಳಗು:

ನಮಸ್ಕಾರ್ರೀ. ಕೇಳಬ್ಯಾಡ ಅಂತ ಯಾರರೆ ಹೇಳಿದ್ರ ಅವರ ಮಾತು ಕೇಳಬ್ಯಾಡ್ರಿ, ಟೇಪ್ ಕೇಳ್ರಿ.

ನಾವು ಹಿಂದೂಸ್ತಾನಿ ಕಡೆ ಮಂದಿ. ಅಪ್ಪ ನನ್ನ ಸಣ್ಣಾಕಿ ಇದ್ದಾಗಿಂದ ರಾತ್ರಿಪೂರ್ತಿ ನಡಿಯೂ ಬೈಠಕ್ಕಿಗೆ ಕರಕೊಂಡು ಹೋಗ್ತಿದ್ದ, ನಿದ್ದಿ ಬಂದ್ರ ಅವನ ತೊಡಿ ಮ್ಯಾಲೇ ಮಲಗೂದು. ಬುದ್ಧಿ ತಿಳದ ಮ್ಯಾಲೆ, ಅಂದ್ರ ಹದಿನೆಂಟು ಇಪ್ಪತ್ತರ ವಯಸ್ಸಿನ್ಯಾಗ, ಗಂಗೂಬಾಯಿ ಹಾನಗಲ್ಲರನ್ನ ಕೇಳೀನಿ, ಮಲ್ಲಿಕಾರ್ಜುನ ಮನಸೂರರನ್ನ ಕೇಳೀನಿ. ಗಂಗೂಬಾಯಿಯವರ ಜೋಡಿ ಮಗಳು ಕೃಷ್ಣಾ ಕೂತು ಹಾಡೋರು. ಅವ್ವನ ದನಿ ಗಂಡು ದನಿಯಷ್ಟ ಗಂಭೀರ, ಮಗಳದು ತೆಳ್ಳಗ, ಎರಡೂ ಕೂಡಿ ಒಂದ ಸ್ವರದ ಮ್ಯಾಲೆ ನಿಂತಾಗ ಮೈ ಜುಂ ಅಂತಿತ್ತು. ಮನಸೂರರದ್ದು ಬ್ಯಾರೇನ ಲೋಕ ಬಿಡ್ರಿ. ಅವರ ಜೈಪುರ ಅತ್ರೌಲಿ ಘರಾಣೆ, ಅಂದ್ರ ಗುರುಪರಂಪರಾದಾಗ, ಅಪರೂಪದ ರಾಗ ಬಾಳ, ಶಿವಮತ ಭೈರವ, ಬಿಹಾರಿ, ಸಂಪೂರ್ಣ ಮಾಲಕಂಸ ಹಿಂಗ, ಅವರು ಅಂಥಾದ್ದೊಂದು ಎತ್ತಿಕೊಂಡ್ರಂದ್ರ ಮುಂದಿನ ಸಾಲಿನ ಹಿರಿಯರೂ ಒಬ್ಬರ ಮಾರಿ ಒಬ್ಬರು ನೋಡೋರು, ಯಾವುದಿದು ಅಂತ ಕೇಳಾಕ ನಾಚಿಕಿ. ನನಗ ನಾಚಿಕಿ ಇರಲಿಲ್ಲ, ನಾ ಅಪ್ಪನ ಕೇಳ್ತಿದ್ದೆ, ಅಪ್ಪ "ಸುಮ್ಮಕೂಡು" ಅಂತಿದ್ದ. ಅಂದ್ರ ಅವಂಗೂ ಗೊತ್ತಿಲ್ಲಂತ ಅರ್ಥ.

ಆದ್ರ ನನಗ ಭಾಳ ನೆನಪಿರೂದು ಬೆಳಗಿನ ಹೊತ್ತು. ರಾತ್ರಿಯೆಲ್ಲಾ ಹಾಡಿ ಹಾಡಿ ಕಡೀಕ ಒಬ್ಬರು ಲಲಿತ್ ರಾಗ ತಗೊಂಡಿದ್ರು. ಅದರಾಗ ಎರಡೂ ಮಧ್ಯಮ, ಅಂದ್ರ ಎರಡೂ ನಮೂನಿ ಮ ಸ್ವರ, ಹಿಂದಮುಂದ ಬರ್ತಾವ, ಪಂಚಮ ಅಂದ್ರ ಪ ಇಲ್ಲ, ಹಂಗಾಗಿ ಕಾಲಿಟ್ಟು ನಿಲ್ಲಾಕ ಜಾಗಾನ ಇಲ್ಲದಂಗ ಅನಸ್ತದ. ಅದನ್ನ ಮಧ್ಯಾಹ್ನ ಸೀಡಿ ಹಾಕಿ ಕೇಳಿದ್ರ ಚಂದ ಅದ ಅನಸ್ತದ, ಅಷ್ಟ. ಅವತ್ತು ಕಣ್ಣು ಉರೀತಿದ್ವು, ಜಮಖಾನಿ ಮ್ಯಾಲೆ ಕೂತು ಕಾಲು ಜೋಮು ಹಿಡದಿತ್ತು, ಬಾಜೂ ಬಾಗಲಾ ಯಾರೋ ತಗದ್ರು, ಹೊರಗ ಇನ್ನೂ ಪೂರಾ ಬೆಳಕಾಗಿರಲಿಲ್ಲ, ಆವಾಗ ಆ ರಾಗ ಯಾಕ ಹಂಗದ ಅಂತ ತಿಳೀತು. 2000ದಾಗ ಶಬ್ದ ಮಾಲಿನ್ಯದ ನಿಯಮ ಬಂದ ಮ್ಯಾಲೆ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಾಗ ಧ್ವನಿವರ್ಧಕ ಹಚ್ಚೂದು ಬಂದಾತು, ಮಲಗೋರಿಗೆ ಬೇಕಾದ ನಿಯಮನ ಅದು, ಬ್ಯಾಡ ಅನ್ನಂಗಿಲ್ಲ, ಆದ್ರ ಲಲಿತ್ ಅದರ ವ್ಯಾಳ್ಯಾಕ ಕೇಳೂ ಮಂದಿ ಕಡಿಮಿ ಆದ್ರು.

ಈಗ ನಿಮ್ಮ ಪ್ರಶ್ನೆ. ನಾ ಕೂತು ಕೇಳಿದ್ದ ಒಂದು ಕಾರ್ಯಕ್ರಮದ ಧ್ವನಿಮುದ್ರಣ ಮುಂದ ಎಷ್ಟೋ ವರ್ಷದ ಮ್ಯಾಲೆ ಕೈಗೆ ಬಂತು. ಅದರಾಗ ನನ್ನ ನೆನಪಿನ್ಯಾಗಿದ್ದ ಒಂದು ತಾನ್, ಅಂದ್ರ ಜೋರಾಗಿ ಓಡೂ ಸ್ವರದ ಸಾಲು, ಸಿಗಲೇ ಇಲ್ಲ, ಹುಡುಕಿ ಹುಡುಕಿ ಸಾಕಾತು. ಅದರ ಬದಲಿ ಬ್ಯಾರೆ ಸಿಕ್ತು, ತಬಲಾದಾಂವ ನಡುವ ಸುತ್ತಿಗಿಲೆ ಗಟ್ಟಾ ಬಡದು ಶ್ರುತಿ ಕೂಡಸೂ ಸಪ್ಪಳ, ಯಾರೋ ಹಿರಿಯರು "ಆಹಾ" ಅನ್ನೂದು, ಹಾರ್ಮೋನಿಯಂದವರು ಬೆನ್ನ ಹತ್ತಿ ಬಂದು ಒಂದ ಕ್ಷಣ ಹಿಂದ ಉಳಿಯೂದು. ಅವು ನನಗ ಅವತ್ತು ಕೇಳೇ ಇರಲಿಲ್ಲ. ನೆನಪು ಹಾಳಾಗಿಲ್ಲ, ಎರಡು ಕಾರ್ಯಕ್ರಮ ಆಗ್ಯಾವ ನನಗ ಈಗ.

ಗುಂಯ್‌ಕಿವಿ:

ಮೇಡಂ ಶ್ರುತಿ ಕೂಡಿಸೋದರ ಬಗ್ಗೆ ಹೇಳಿದ್ರಲ್ಲ, 1971ರ ಆಗಸ್ಟ್ 1ಕ್ಕೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗೋಸ್ಕರ ಕಾನ್ಸರ್ಟ್ ಆಯ್ತಲ್ಲ, ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಮೊದಲು ಕೂತ್ಕೊಂಡು ವಾದ್ಯ ಶ್ರುತಿ ಮಾಡ್ಕೊಂಡ್ರು, ಅಲ್ಲಿದ್ದ ಜನ ಅದನ್ನೇ ಒಂದು ಐಟಂ ಅಂದ್ಕೊಂಡು ಜೋರಾಗಿ ಚಪ್ಪಾಳೆ ತಟ್ಟಿಬಿಟ್ರು. ಶ್ರುತಿ ಮಾಡೋದೇ ಇಷ್ಟು ಹಿಡಿಸಿದ್ರೆ ನುಡಿಸೋದು ಇನ್ನೂ ಹಿಡಿಸುತ್ತೆ ಅನ್ನೋ ಅರ್ಥದಲ್ಲಿ ರವಿಶಂಕರ್ ತಮಾಷೆಯಾಗಿ ಹೇಳ್ತಾರೆ. ಆ ಚಪ್ಪಾಳೆ, ಆ ಮಾತು ಎರಡೂ ಆಲ್ಬಮ್ಮಲ್ಲಿ ಹಾಗೇ ಇಟ್ಟಿದಾರೆ, ತೆಗೆದು ಹಾಕಿಲ್ಲ. ನಂಗೆ ಆ ಇಡೀ ಆಲ್ಬಮ್ಮಲ್ಲಿ ಅದೇ ಇಷ್ಟ.

ನಾನು ಕಚೇರಿ ಗಿರಾಕಿ ಅಲ್ಲ, ರಾಕ್ ಗಿರಾಕಿ. ಉದ್ದ ಕೂದಲು ಕಪ್ಪು ಟೀ ಶರ್ಟು ಎಲ್ಲಾ ಇತ್ತು, ಈಗ ಟೀ ಶರ್ಟ್ ಮಾತ್ರ ಉಳಿದಿದೆ. ನಮ್ಮ ನೆನಪು ನಿಮ್ಮ ಥರ ಸೂಕ್ಷ್ಮ ಅಲ್ಲ ಸಾರ್, ನಮ್ಮದು ಹೊಟ್ಟೇಲಿ ಕೇಳಿಸೋ ಸಂಗೀತ. ಬಾಸ್ ಡ್ರಮ್ ಹೊಡೆದ್ರೆ ಎದೆಗೂಡಿನ ಒಳಗಿಂದ ಯಾರೋ ಗುದ್ದಿದ ಹಂಗೆ ಆಗೋದು, ಅದು ಯಾವ ಹೆಡ್‌ಫೋನಲ್ಲೂ ಬರಲ್ಲ. ಮೊದಲನೇ ಸಲ ದೊಡ್ಡ ಮೈದಾನದ ಶೋಗೆ ಹೋದಾಗ ನಾವು ತೀರಾ ಹಿಂದೆ ನಿಂತಿದ್ವಿ, ಡ್ರಮ್ಮರ್ ಕೋಲು ಕೆಳಗೆ ಬಂದಾಗಿರೋದು, ಸದ್ದು ಇನ್ನೂ ಬಂದಿಲ್ಲ! ಪಕ್ಕದಲ್ಲಿದ್ದ ಒಬ್ಬ ಸೈನ್ಸ್ ಹುಡುಗ ಅಲ್ಲೇ ಲೆಕ್ಕ ಹಾಕಿದ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ನಾವು 100 ಮೀಟರ್ ಹಿಂದೆ ಇದ್ರೆ ಕಾಲು ಸೆಕೆಂಡಿಗಿಂತ ಜಾಸ್ತಿ ತಡ. ಅದಕ್ಕೇ ಹಿಂದಿನವರ ಚಪ್ಪಾಳೆ ಮುಂದಿನವರ ಚಪ್ಪಾಳೆಗೆ ಯಾವತ್ತೂ ಕೂಡಲ್ಲ, ಮೈದಾನದ ಉದ್ದಕ್ಕೂ ಚಪ್ಪಾಳೆ ಹಿಂದಕ್ಕೆ ಹರ್ಕೊಂಡು ಹೋಗುತ್ತೆ.

ಆದ್ರೂ ನಾವು ಪುಣ್ಯವಂತರು. 1965ರಲ್ಲಿ ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ನುಡಿಸಿದಾಗ 55 ಸಾವಿರ ದಾಟಿ ಜನ, 100 ವಾಟಿನ ಆಂಪ್ಲಿಫೈಯರು, ಬೇಸ್‌ಬಾಲ್ ಆಟದ ಸ್ಕೋರ್ ಹೇಳೋ ಸ್ಪೀಕರು, ಅಷ್ಟೇ. ಕಿರುಚಾಟದಲ್ಲಿ ಅವರಿಗೇ ಅವರ ಹಾಡು ಕೇಳ್ತಿರಲಿಲ್ಲ. ಮಾರನೇ ವರ್ಷ ಅವರು ಟೂರ್ ಮಾಡೋದೇ ನಿಲ್ಲಿಸಿದ್ರು. ಅಲ್ಲಿ ಹೋಗಿದ್ದ ಹುಡುಗೀರು ಈಗ ಅಜ್ಜಿಯರು, ಅವರನ್ನ ಕೇಳಿದ್ರೆ ಜೀವನದ ಬೆಸ್ಟ್ ದಿನ ಅಂತಾರೆ. ಒಂದು ಹಾಡೂ ಸರಿಯಾಗಿ ಕೇಳದೇನೇ!

ಒಂದು ಬುದ್ಧಿಮಾತು ಮಾತ್ರ ಹೇಳ್ತೀನಿ ಚಿಕ್ಕೋರು ಯಾರಾದ್ರೂ ಓದ್ತಿದ್ರೆ. ಶೋ ಮುಗಿದ ಮೇಲೆ ರಾತ್ರಿಯೆಲ್ಲಾ ಕಿವಿ ಗುಂಯ್ ಅನ್ನೋದನ್ನ ನಾವು ದೊಡ್ಡ ಪದಕ ಅಂದ್ಕೊಂಡಿದ್ವಿ, ಮಾರನೇ ದಿನ ಹೋಗ್ತಿತ್ತು. ಆಮೇಲಾಮೇಲೆ ಹೋಗೋದು ನಿಂತೋಯ್ತು, ಈಗ ಇಪ್ಪತ್ತನಾಲ್ಕು ಗಂಟೆ ಗುಂಯ್. ಒಳಕಿವಿಯ ರೋಮಕೋಶ ಒಂದ್ಸಲ ಸತ್ರೆ ಮತ್ತೆ ಹುಟ್ಟಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಜಾಗಗಳಲ್ಲಿ ಸರಾಸರಿ 100 ಡೆಸಿಬೆಲ್ ದಾಟಬಾರದು ಅಂತ ಹೇಳ್ತು, ನಮ್ಮ ಕಾಲಕ್ಕೆ ಅದೆಲ್ಲ ಯಾರು ಅಳೀತಿದ್ರು. ಇಯರ್‌ಪ್ಲಗ್ ಹಾಕ್ಕೊಳ್ಳಿ, ಸ್ಟೈಲ್ ಕಮ್ಮಿ ಆಗಲ್ಲ.

ಟೇಪ್ ವಿಷಯ: ಕೇಳಿ. ಕೇಳದೇ ಇಟ್ರೆ ಅದು ತಾನಾಗೇ ಹಾಳಾಗುತ್ತೆ.

ರೀಲ್‌ಹುಡುಗ:

ಅಂಕಲ್ ನಿಜ ಹೇಳ್ಲಾ, ನಂಗೆ ಈ ಥರ ನೆನಪೇ ಇಲ್ಲ ಅಂತ ಹೊಟ್ಟೆ ಉರೀತಿದೆ. ನಾನು ಹೋದ ಶೋಗಳೆಲ್ಲಾ ಫೋನಲ್ಲಿ ಇದೆ, ಒಂದ್ಸಲನೂ ವಾಪಸ್ ನೋಡಿಲ್ಲ, ನೋಡಿದ್ರೂ ಮುಂದಿರೋರ ಫೋನ್ ಕಾಣುತ್ತೆ, ಅದರೊಳಗೆ ಸ್ಟೇಜ್ ಕಾಣುತ್ತೆ. ಕರೆಂಟ್ ಹೋಗಿದ್ದು ಓದಿ ನಂಗೆ ಮೈಯೆಲ್ಲ ಒಂಥರಾ ಆಯ್ತು. ಈಗಾಗಿದ್ರೆ ಎಲ್ರೂ ಫೋನ್ ಟಾರ್ಚ್ ಆನ್ ಮಾಡಿ ಕೈ ಆಡಿಸ್ತಿದ್ರು, ಹಾಡ್ತಿದ್ದೋರು ಅದನ್ನ ನೋಡಿ ನಕ್ಕು ಆಲಾಪನೆ ನಿಲ್ಲಿಸ್ತಿದ್ರೇನೋ.

ಒಂದು ಡೌಟು, ಹತ್ತರಿಂದ ಮೂವತ್ತು ವಯಸ್ಸಿನ ನಡುವಿನ ನೆನಪುಗಳೇ ಜನರಿಗೆ ಜಾಸ್ತಿ ಉಳಿಯುತ್ತೆ, ಅದರಲ್ಲೂ ಸಂಗೀತದ್ದು, ಅಂತ ಸೈಕಾಲಜಿ ಕ್ಲಾಸಲ್ಲಿ ಓದಿದ್ವಿ. ಹಂಗಾದ್ರೆ ನಿಮ್ಮ ಕಚೇರಿ ನಿಜವಾಗ್ಲೂ ಅಷ್ಟು ಚೆನ್ನಾಗಿತ್ತಾ ಇಲ್ಲಾ ನೀವು ಇಪ್ಪತ್ತು ವಯಸ್ಸಲ್ಲಿ ಇದ್ರಿ ಅಷ್ಟೇನಾ? ಬೈಬೇಡಿ.

ಹಿಂದಿನಸಾಲು:

ಬೈಯಲ್ಲಪ್ಪ, ಒಳ್ಳೇ ಪ್ರಶ್ನೆ. ಆದ್ರೆ ಅದೇ ವಯಸ್ಸಲ್ಲಿ ಕೇಳಿದ ಬೇರೆ ಕಚೇರಿಗಳು ಎಷ್ಟೋ ಇದಾವೆ, ಅದರಲ್ಲಿ ಬಹಳಷ್ಟು ಏನೂ ನೆನಪಿಲ್ಲ, ಚಪ್ಪಲಿ ಕಳ್ಕೊಂಡಿದ್ದು ಬಿಟ್ರೆ. ಹಂಗಾಗಿ ವಯಸ್ಸೊಂದೇ ಅಲ್ಲ.

ಅವತ್ತು ಯಾಕೆ ಹಾಗಾಯ್ತು ಅಂತ ನನಗೆ ಹೊಳೆದಿದ್ದು ಇಷ್ಟು, ಮುಂದೆ ಏನು ಹಾಡ್ತೀವಿ ಅಂತ ಹಾಡ್ತಿದ್ದೋರಿಗೂ ಗೊತ್ತಿರಲಿಲ್ಲ. ದೊಡ್ಡ ವಿದ್ವಾಂಸರು ಎಷ್ಟೋ ಸಲ ಹಾಡಿ ಹಾಡಿ ಪಳಗಿದ ರಾಗ, ಎಲ್ಲಿ ಹೋಗಿ ಎಲ್ಲಿ ಬರಬೇಕು ಅಂತ ದಾರಿ ಗೊತ್ತಿರೋದೇ. ಮೈಕ್ ಹೋದ ಮೇಲೆ ಅವರು ದಾರಿ ಬದಲಾಯಿಸಿದ್ರು, ವೇಗವಾಗಿ ಸ್ವರ ಸುತ್ತೋ ದೊಡ್ಡ ದೊಡ್ಡ ಬಿರ್ಕಾ ಬಿಟ್ಟು ಒಂದೊಂದೇ ಸ್ವರ ಹಿಡಿದು ನಿಂತ್ಕೊಂಡ್ರು, ಕೊನೇ ಸಾಲಿಗೆ ತಲುಪಬೇಕಲ್ಲ ಅಂತ. ಮೈಕ್ ಬರೋಕೆ ಮುಂಚಿನ ಕಾಲದವರು ಹೀಗೇ ಹಾಡ್ತಿದ್ರೇನೋ ಅಂತ ಅವತ್ತು ಅನ್ನಿಸ್ತು. ನಾವು ಅದನ್ನ ನೋಡಿದ್ವಿ, ಒಬ್ಬ ಮನುಷ್ಯ ನಿಂತ ನಿಲುವಲ್ಲೇ ಬೇರೆ ಥರ ಹಾಡೋಕೆ ತೀರ್ಮಾನ ಮಾಡಿದ್ದು.

ಮೈಕ್‌ಸೆಟ್ಟು:

ಸಾರ್ ನಾನು ಆ ಕಾಲದಲ್ಲಿ ಮೈಕ್ ಸೆಟ್ ಹಾಕ್ತಿದ್ದೋನು. ನಿಮಗೆಲ್ಲ ಕರೆಂಟ್ ಹೋದ್ರೆ ರೋಮಾಂಚನ, ನಮಗೆ ಜೀವ ಹೋಗೋದು. ಜನ ಮೊದಲು ತಿರುಗಿ ನೋಡ್ತಿದ್ದಿದ್ದೇ ನಮ್ಮನ್ನ, ಏನೋ ನಾವೇ ಸ್ವಿಚ್ ಆಫ್ ಮಾಡಿದ ಹಾಗೆ.

ಆದ್ರೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ, ಮೈಕ್ ಇಲ್ಲದೇ ಕೇಳೋದು ಬೇರೇನೇ. ನಮಗೆ ಸಂಘಟಕರಿಂದ ಒಂದೇ ಮಾತು ಬರ್ತಿತ್ತು, ಸೌಂಡ್ ಜಾಸ್ತಿ ಮಾಡಿ. ವಿದ್ವಾಂಸರು ತಮ್ಮ ಮುಂದಿರೋ ಸ್ಪೀಕರ್ ಕಮ್ಮಿ ಮಾಡು ಅಂತ ಕೈ ಸನ್ನೆ ಮಾಡೋರು, ಮೃದಂಗದವರು ನಂದು ಜಾಸ್ತಿ ಮಾಡು ಅಂತ ಸನ್ನೆ, ಪಿಟೀಲಿನವರು ಮುಖ ಸಿಂಡರಿಸೋರು, ತಂಬೂರಿಯವರು ಪಾಪ ಏನೂ ಕೇಳ್ತಿರಲಿಲ್ಲ, ಅವರಿಗೆ ಎಷ್ಟೋ ಸಲ ಮೈಕೇ ಇರ್ತಿರಲಿಲ್ಲ. ಅದಕ್ಕೇ ಸಾರ್ ನಿಮಗೆ ಕರೆಂಟ್ ಹೋದ ಮೇಲೆ ತಂಬೂರಿ ಕೇಳಿಸಿದ್ದು.

ಈಗ ಟೇಪ್ ವಿಷಯಕ್ಕೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ ಬೇಜಾರು ಮಾಡ್ಕೋಬೇಡಿ. ಸಿಕ್ಕ ಪ್ಲೇಯರಿಗೆ ತುರುಕಬೇಡಿ, ದಯವಿಟ್ಟು. ಮೊದಲು ಕ್ಯಾಸೆಟ್ ಕಿಟಕಿಯಿಂದ ರೀಲ್ ಅಂಚು ನೋಡಿ, ಬಿಳೀ ಪುಡಿ ಥರ ಇದ್ರೆ ಬೂಷ್ಟು, ಅದನ್ನ ಓಡಿಸಿದ್ರೆ ಪ್ಲೇಯರಿಗೂ ಅಂಟುತ್ತೆ, ಗೊತ್ತಿರೋರ ಹತ್ರ ಕ್ಲೀನ್ ಮಾಡಿಸಿ. ಚೆನ್ನಾಗಿದ್ರೆ ಒಂದ್ಸಲ ಪೂರ್ತಿ ಮುಂದಕ್ಕೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ, ವರ್ಷಗಟ್ಟಲೆ ಒಂದೇ ಕಡೆ ಇದ್ದ ರೀಲ್ ಅಂಟ್ಕೊಂಡಿರುತ್ತೆ. ಕ್ಯಾಸೆಟ್ ಒಳಗೆ ರೀಲನ್ನ ಪ್ಲೇಯರಿನ ಹೆಡ್ಡಿಗೆ, ಅಂದ್ರೆ ಟೇಪ್ ಓದೋ ಭಾಗಕ್ಕೆ, ಒತ್ತೋ ಸಣ್ಣ ಸ್ಪಂಜಿನ ತುಂಡು ಬಿದ್ದೋಗಿರುತ್ತೆ ಎಷ್ಟೋ ಸಲ, ಆಗ ದನಿ ಮಂಕಾಗಿ ಬರುತ್ತೆ, ಟೇಪೇ ಹೋಯ್ತು ಅಂದ್ಕೋಬೇಡಿ, ಬೇರೆ ಕ್ಯಾಸೆಟ್ಟಿನ ಹೊರಕವಚಕ್ಕೆ ರೀಲ್ ಬದಲಾಯಿಸಬಹುದು. ಹೆಡ್ಡನ್ನ ಸ್ಪಿರಿಟ್ಟಲ್ಲಿ ಒರೆಸಿ. ಮೊದಲನೇ ಸಲ ಹಾಕೋವಾಗಲೇ ಕಂಪ್ಯೂಟರಿಗೆ ರೆಕಾರ್ಡ್ ಆಗ್ತಾ ಇರ್ಲಿ, ಎರಡನೇ ಸಲ ಅದು ಕೈ ಕೊಡಬಹುದು.

ಇನ್ನೊಂದು ಮುಖ್ಯ ವಿಷಯ. ಬ್ಯಾಟರಿ ಅಂದ್ರಲ್ಲ? ಕಚೇರಿ ನಡೀತಾ ನಡೀತಾ ಬ್ಯಾಟರಿ ಇಳಿಯುತ್ತೆ, ಮೋಟರ್ ನಿಧಾನ ಆಗುತ್ತೆ, ನಿಧಾನವಾಗಿ ರೆಕಾರ್ಡ್ ಆಗಿದ್ದನ್ನ ಸರಿಯಾದ ಸ್ಪೀಡಲ್ಲಿ ಹಾಕಿದ್ರೆ ಶ್ರುತಿ ಮೇಲಕ್ಕೆ ಹೋಗುತ್ತೆ. ನೂರಕ್ಕೆ ಆರರಷ್ಟು ವೇಗ ಹೆಚ್ಚಾದ್ರೆ ಸಾಕು ಸುಮಾರು ಅರ್ಧ ಮನೆ, ಅಂದ್ರೆ ಹಾರ್ಮೋನಿಯಂನಲ್ಲಿ ಪಕ್ಕದ ಕೀವರೆಗೆ, ಏರುತ್ತೆ. ಹಂಗಾಗಿ ಕೇಳಿ "ಅಯ್ಯೋ ಇವರು ಇಷ್ಟು ಕೀರಲಾಗಿ ಹಾಡ್ತಿದ್ರಾ" ಅಂತ ಅನ್ನಿಸಿದ್ರೆ ತಪ್ಪು ಅವರದ್ದಲ್ಲ, ಶೆಲ್ಲಿಂದು. ಸರಿ ಮಾಡೋ ಒಂದು ಉಪಾಯ ಇದೆ. ಸಭೆಯ ಮೈಕಿನ ಸ್ಪೀಕರಿಂದ ಸಣ್ಣಗೆ ಹಮ್ಮಿಂಗ್ ಬರ್ತಾ ಇರುತ್ತೆ, ಅದು ಕರೆಂಟಿಂದು, 50 ಹರ್ಟ್ಜ್ ಇಲ್ಲಾ ಅದರ ಎರಡರಷ್ಟು 100. ಕಂಪ್ಯೂಟರಲ್ಲಿ ಅದು 106ರ ಹತ್ರ ಕಂಡ್ರೆ ಟೇಪ್ ಎಷ್ಟು ಓಡ್ತಿದೆ ಅಂತ ಗೊತ್ತಾಗುತ್ತೆ, ಅಷ್ಟು ಇಳಿಸಿದ್ರೆ ಆಯ್ತು. ಮಜಾ ಏನ್ ಗೊತ್ತಾ, ಕರೆಂಟ್ ಹೋದ ಜಾಗದಲ್ಲಿ ಆ ಹಮ್ಮಿಂಗ್ ಗೆರೆ ಕತ್ತರಿಸಿದ ಹಾಗೆ ನಿಂತಿರುತ್ತೆ, ವಾಪಸ್ ಬಂದಾಗ ಮತ್ತೆ ಶುರು. ಕೇಳೋಕೆ ಮುಂಚೇನೇ ಕಣ್ಣಲ್ಲಿ ನೋಡಬಹುದು ನಿಮ್ಮ ಜಾಗ ಎಲ್ಲಿದೆ ಅಂತ.

ತಕಧಿಮಿ:

ಮೈಕ್‌ಸೆಟ್ಟು ಅವರೇ, ಮೃದಂಗದವರು ಯಾವಾಗ್ಲೂ ಜಾಸ್ತಿ ಮಾಡು ಅಂತಾರೆ ಅನ್ನೋ ಆರೋಪಕ್ಕೆ ನನ್ನ ತೀವ್ರ ಆಕ್ಷೇಪಣೆ ಇದೆ. ನಾನೂ ಅದೇ ಪೈಕಿ. ನಾವು ಕೇಳೋದು ಮೃದಂಗದ ಬಲಗಡೆ ಕಮ್ಮಿ ಮಾಡಿ ಎಡಗಡೆ ಜಾಸ್ತಿ ಮಾಡಿ ಅಂತ, ನಿಮಗೆ ಅರ್ಥ ಆಗೋದು ಎರಡೂ ಜಾಸ್ತಿ ಅಂತ.

ವಯಸ್ಸಲ್ಲಿದ್ದಾಗ ಕೇಳೋಕೆ ಹೋಗ್ತಿದ್ದ ಕಚೇರಿಗಳಲ್ಲಿ ನಾನು ಯಾವತ್ತೂ ಮೃದಂಗದವರ ಬಲಗಡೆ ಮೂಲೆಗೇ ಕೂರ್ತಿದ್ದೆ, ಬೆರಳು ಕಾಣಬೇಕಲ್ಲ. ಗಾಯಕರ ಮುಖ ನಂಗೆ ನೆನಪೇ ಇಲ್ಲ ಕೆಲವು ಕಚೇರಿಗಳದ್ದು! ಮೃದಂಗ, ಘಟದಂಥ ತಾಳವಾದ್ಯದವರು ಮಾತ್ರ ನುಡಿಸೋ ತನಿ ಆವರ್ತನ ಶುರುವಾದ ತಕ್ಷಣ ಅರ್ಧ ಸಭೆ ಎದ್ದು ಕೈಕಾಲು ಸಡಿಲ ಮಾಡ್ಕೊಳೋಕೆ ಹೊರಗೆ ಹೋಗೋರು, ಈಗಲೂ ಹೋಗ್ತಾರೆ, ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆ ಜಾಗ ಖಾಲಿ ಆದ್ರೆ ನಾನು ಮೆಲ್ಲಗೆ ಮುಂದಿನ ಸಾಲಿಗೆ ಜರುಗ್ತಿದ್ದೆ, ಅದೊಂದೇ ಲಾಭ. ವಿಕ್ಕು ವಿನಾಯಕರಾಮ್ ಅವರ ಘಟ ಅಷ್ಟು ಹತ್ರದಿಂದ ಕೇಳಿದೀನಿ, ಆ ಮಡಕೆ ಬಾಯಿನ ಹೊಟ್ಟೆಗೆ ಒತ್ತಿ ಹಿಡಿದು ಗುಂ ಅನ್ನೋ ಗುಂಕಿ ತೆಗೆಯೋವಾಗ ಬರೋ ಆ ಗಾಳಿಯ ಸದ್ದು ಮೂರನೇ ಸಾಲಿಗೇ ಸಿಗಲ್ಲ.

ಸರಿ, ಇಷ್ಟು ಹೊತ್ತು ಯಾರೂ ಕೇಳದ ಒಂದು ಪ್ರಶ್ನೆ ಕೇಳ್ತೀನಿ. ಹಿಂದಿನಸಾಲು ಅವರೇ, ಕ್ಯಾಸೆಟ್ ಎಷ್ಟು ನಿಮಿಷದ್ದು? 90 ಆಗಿದ್ರೆ ಒಂದು ಕಡೆಗೆ 45. ಆ ಕಾಲದ ದೊಡ್ಡ ಗಾಯನ ಕಚೇರಿ ಅಂದ್ರೆ ಮೂರು ಗಂಟೆ ಸಾಮಾನ್ಯ. ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಹಾಕಿಕೊಟ್ಟ ಪದ್ಧತಿ ಅಲ್ವಾ, ಮೊದಲು ವರ್ಣ, ಆಮೇಲೆ ಚಿಕ್ಕ ಕೃತಿಗಳು, ಒಂದು ಮಧ್ಯಮ ಗಾತ್ರದ್ದು, ಅದಾದ ಮೇಲೆ ಒಂದು ಚುರುಕಾದ ಕೃತಿ, ಆಮೇಲೇನೇ ಮುಖ್ಯ ರಾಗ, ಆಲಾಪನೆ, ಒಂದೇ ಸಾಲನ್ನ ಬಗೆಬಗೆಯಾಗಿ ಹಾಡೋ ನೆರವಲ್, ಸ್ವರ, ಅದರ ಬಾಲಕ್ಕೆ ತನಿ. ಕೊನೆಗೆ ದೇವರನಾಮ, ತಿಲ್ಲಾನ, ಮಂಗಳ. ಮುಖ್ಯ ರಾಗ ಶುರುವಾಗೋದೇ ಒಂದೂವರೆ ಗಂಟೆ ಹತ್ರ ಹತ್ರ. ಒಂದೇ ಕ್ಯಾಸೆಟ್ ಇದ್ರೆ ಅಷ್ಟೊತ್ತಿಗೆ ಅದು ಟಕ್ ಅಂತ ನಿಂತಿರುತ್ತೆ.

ಪೂರ್ತಿ ಕೇಳೋದೇ ಬೇಡ. ಎರಡನೇ ಕಡೆಯ ಕೊನೇ ಎರಡು ನಿಮಿಷ ಹಾಕಿ, ತನಿ ಇದೆಯಾ ನೋಡಿ. ತನಿ ಇದ್ರೆ ಅದರ ಹಿಂದಿಂದೇ ಮುಖ್ಯ ರಾಗ, ಜಗಳ ತೀರ್ಮಾನ. ಇಲ್ಲಾಂದ್ರೆ ನಿಮ್ಮ ಕರೆಂಟೂ ಇಲ್ಲ, ತೋಡಿಯೂ ಇಲ್ಲ.

ಇನ್ನೊಂದು. ಇಬ್ರೂ ಸರಿ ಇರಬಹುದು. ಮಧ್ಯಮ ಗಾತ್ರದ್ದು ಒಂದು, ಮುಖ್ಯದ್ದು ಒಂದು, ಎರಡಕ್ಕೂ ಆಲಾಪನೆ ಮಾಡಿರ್ತಾರೆ. ಯಾರಿಗೆ ಯಾವುದು ತಾಗಿತೋ ಅದೇ ಅವರ ಮುಖ್ಯ ರಾಗ.

ಗುಂಯ್‌ಕಿವಿ:

ತಕಧಿಮಿ ಸಾರ್ ಪತ್ತೇದಾರ! ನೀವು ಹೇಳಿದ್ದು ಕೇಳಿ ನೆನಪಾಯ್ತು, ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನವರು ಜನ ರೆಕಾರ್ಡ್ ಮಾಡೋಕೆ ಬಿಡ್ತಿದ್ರು, 1984ರಲ್ಲಿ ಟೇಪ್ ಮಾಡೋರಿಗೆ ಅಂತಾನೇ ಸಭೇಲಿ ಬೇರೆ ಜಾಗ ಕೊಟ್ರು. ಆ ಟೇಪುಗಳನ್ನ ಜನ ಒಬ್ಬರಿಗೊಬ್ಬರು ಹಂಚ್ಕೊಂಡು ಇವತ್ತು ಸಾವಿರಾರು ಶೋ ಇಂಟರ್ನೆಟ್ಟಲ್ಲಿ ಇದಾವೆ. ಅದರಲ್ಲೂ ಹಾಡಿನ ಮಧ್ಯೆ ಕ್ಯಾಸೆಟ್ ತಿರುಗಿಸಿದ ಜಾಗದಲ್ಲಿ ಕಟ್ ಆಗಿರುತ್ತೆ, ಇನ್ನೊಬ್ರ ಟೇಪಿಂದ ಆ ತುಂಡು ತಂದು ಅಂಟಿಸ್ತಾರೆ. ಅವತ್ತು ನಿಮ್ಮ ಸಭೇಲಿ ಇನ್ನೂ ಯಾರಾದ್ರೂ ರೆಕಾರ್ಡ್ ಮಾಡಿದ್ರಾ?

ರೀಲ್‌ಹುಡುಗ:

ಅಂಕಲ್ ಬೇಗ ಹಾಕಿ ನೋಡಿ ಪ್ಲೀಸ್, ನಾನು ಇಲ್ಲೇ ರಿಫ್ರೆಶ್ ಮಾಡ್ತಾ ಕೂತಿದೀನಿ.

ಭೈರವಿಬೆಳಗು:

ಇಷ್ಟು ವರ್ಷ ತಡದಾರ, ಇನ್ನ ಹತ್ತ ನಿಮಿಷ ತಡೀಪಾ.

ಹಿಂದಿನಸಾಲು:

ಹಾಕಿದೆ. ಮೈಕ್‌ಸೆಟ್ಟು ಅವರು ಹೇಳಿದ ಹಾಗೆ ಅಂಚು ನೋಡಿ, ಮುಂದೆ ಹಿಂದೆ ಸುತ್ತಿ, ಹೆಡ್ ಒರೆಸಿ, ಎಲ್ಲಾ ಶಾಸ್ತ್ರೋಕ್ತವಾಗಿ. ಬರೀ ಕೊನೇ ಭಾಗ. ತನಿ ಇಲ್ಲ! ಯಾವುದೋ ಚುರುಕಾದ ಕೃತಿ ಚರಣದಲ್ಲಿ ಇದೆ, ಅಷ್ಟರಲ್ಲಿ ಟಕ್. 90ರ ಕ್ಯಾಸೆಟ್ಟೇ. ಶ್ರುತಿ ಏರಿರೋದೂ ನಿಜ, ಹೆಂಗಸರು ಹಾಡಿದ ಹಾಗೆ ಕೇಳಿಸ್ತಿದೆ.

ಅದಕ್ಕಿಂತ ಮಜಾ, ಲೇಬಲ್ ಮೇಲೆ ಬಾಲ್ ಪೆನ್ನಲ್ಲಿ ಬರೆದಿದ್ದು ಮಾಸಿಹೋಗಿತ್ತಲ್ಲ, ದೀಪಕ್ಕೆ ಹಿಡಿದು ನೋಡಿದ್ರೆ ಹಾಡಿದವರ ಹೆಸರು, ಪಕ್ಕದಲ್ಲಿ 1 ಅಂತ ಇದೆ. ಗೆಳೆಯನಿಗೆ ಫೋನ್ ಮಾಡಿದೆ. ಎರಡು ನಿಮಿಷ ಸುಮ್ಮನಿದ್ದ, ಆಮೇಲೆ ಹೌದು ಎರಡನೇದೂ ಇತ್ತು, ನಮ್ಮ ಜೊತೆ ಪಿಟೀಲು ಕಲೀತಿದ್ದ ಒಬ್ಬನಿಗೆ ಕೊಟ್ಟಿದ್ದೆ, ವಾಪಸ್ ಕೊಟ್ಟೇ ಇಲ್ಲ ಅಂದ. ಅವನ ನಂಬರ್ ಹುಡುಕಿ ಮೂರು ಜನ ಒಟ್ಟಿಗೆ ಕಾಲ್ ಹಾಕ್ಕೊಂಡು ಒಂದು ಗಂಟೆ ಮಾತಾಡಿದ್ವಿ. ಕ್ಯಾಸೆಟ್ ಅವನ ಹತ್ರಾನೇ ಇದೆಯಂತೆ, ಜೋಪಾನವಾಗಿ ಇಟ್ಟಿದಾನಂತೆ. ಮುಖ್ಯ ರಾಗ ಯಾವುದು ಅಂತ ಕೇಳಿದ್ವಿ. ತೋಡಿನೂ ಅಲ್ಲ ಕಾಂಭೋಜಿನೂ ಅಲ್ಲ, ಭೈರವಿ, ನಿಮಗಿಬ್ರಿಗೂ ಆಗಲೂ ಕಿವಿ ಇರಲಿಲ್ಲ ಈಗಲೂ ಇಲ್ಲ ಅಂದ. ಕರೆಂಟ್ ಹೋಗಿದ್ದು ನೆನಪಿದೆಯಾ ಅಂದ್ರೆ, ಯಾವ ಕರೆಂಟು ಅಂತಾನೆ!

ಅವನ ಹತ್ರ ಪ್ಲೇಯರ್ ಇಲ್ಲ, ಅಂಚೇಲಿ ಕಳಿಸೋಕೆ ಅವನಿಗೆ ಮನಸ್ಸಿಲ್ಲ, ನಾನೇ ಹಿಡ್ಕೊಂಡು ಬರ್ತೀನಿ ಅಂತಿದಾನೆ. ಮೈಕ್‌ಸೆಟ್ಟು ಸಾರ್, ಸ್ಪೀಡ್ ಸರಿ ಮಾಡೋದು ನಮ್ಮಿಂದ ಆಗೋ ಕೆಲಸ ಅಲ್ಲ, ನಿಮ್ಮ ಹತ್ರ ಒಳ್ಳೇ ಡೆಕ್ ಇನ್ನೂ ಇದೆಯಾ? ಮೂರು ಜನ ಬಂದು ಜಗಳ ಆಡಿದ್ರೆ ಮನೇಲಿ ಪರವಾಗಿಲ್ವಾ?